ಒಂದು ಗಂಟೆಯ ಲೆಕ್ಕ: ಬೈಸಿಕಲ್ ವೀರ ಮೊಸೆರನ ದಾಖಲೆಯೂ ಅದರ ಬೆಲೆಯೂ

ಬೈಸಿಕಲ್ಲನ್ನು ತುಳಿದು ಅಭ್ಯಾಸವಿರುವವರಿಗೆಲ್ಲ ಎದುರುಗಾಳಿಯ ಕಾಟ ಚೆನ್ನಾಗಿ ಗೊತ್ತು. ದಾರಿ ಸಮತಟ್ಟಾಗಿದೆ, ಚಕ್ರಗಳಿಗೆ ಎಣ್ಣೆ ಬಿದ್ದಿದೆ, ಟೈರಿನಲ್ಲಿ ಗಾಳಿ ತುಂಬಿದೆ; ಆದರೂ ಎದುರಿನಿಂದ ಗಾಳಿ ಬೀಸತೊಡಗಿತೆಂದರೆ ಕಾಲು ಸೋಲುತ್ತದೆ. ಎಲೆಯೂ ಅಲುಗಾಡದ ದಿನದಲ್ಲಿಯೂ ಈ ಕಾಟ ತಪ್ಪಿದ್ದಲ್ಲ. ಗಾಳಿಯು ನಮ್ಮ ಎದುರಿಗೆ ಬಾರದಿದ್ದರೆ ನಾವೇ ಅದರ ಎದುರಿಗೆ ಹೋಗುತ್ತೇವೆ. ನಿಧಾನವಾಗಿ ಹೋಗುವವನಿಗೆ ಇದು ಅರಿವಿಗೆ ಬಾರದು. ವೇಗವಾಗಿ ಹೋಗಬಯಸುವವನಿಗೆ ಇದಕ್ಕಿಂತ ದೊಡ್ಡ ವೈರಿಯಿಲ್ಲ.

ಈ ವೈರಿಯೊಡನೆ ಹೋರಾಡಿ ಹೆಸರು ಪಡೆದವರಲ್ಲಿ ಇಟಲಿ ದೇಶದ ಫ್ರಾಂಚೆಸ್ಕೊ ಮೊಸೆರ್ ಪ್ರಮುಖನು. 1984ನೆಯ ಇಸವಿ ಜನವರಿ 23ರಂದು ಮೆಕ್ಸಿಕೊ ನಗರದ ಬೈಸಿಕಲ್ ಪಥದಲ್ಲಿ ಈತನು ಒಂದು ಗಂಟೆಯ ಅವಧಿಯಲ್ಲಿ 51 ಕಿಲೋಮೀಟರು 151 ಮೀಟರು ದೂರವನ್ನು ಕ್ರಮಿಸಿದನು. ಲೋಕವು ಅದನ್ನು ಮೊದಲು ದಾಖಲೆಯೆಂದು ಕೊಂಡಾಡಿತು. ಹದಿನಾರು ವರ್ಷಗಳ ತರುವಾಯ ಅದೇ ಅಂಕೆಯನ್ನು ಆ ಪಟ್ಟಿಯಿಂದ ತೆಗೆದು ಬೇರೊಂದು ಪಟ್ಟಿಗೆ ಸೇರಿಸಿತು. ಮೊಸೆರನು ಸವಾರಿ ಮಾಡಿದ ದೂರದಲ್ಲಿ ಒಂದು ಮೀಟರಿನಷ್ಟೂ ವ್ಯತ್ಯಾಸವಾಗಿರಲಿಲ್ಲ. ಅಳೆಯುವ ಕೋಲು ಮಾತ್ರ ಬದಲಾಗಿತ್ತು. ಒಬ್ಬ ಮನುಷ್ಯನ ಸಾಧನೆಯಲ್ಲಿ ಅವನ ಸ್ವಂತ ಪಾಲೆಷ್ಟು, ಯಂತ್ರದ ಪಾಲೆಷ್ಟು, ಹವೆಯ ಪಾಲೆಷ್ಟು, ವೈದ್ಯನ ಪಾಲೆಷ್ಟು? ಈ ಪ್ರಶ್ನೆಯನ್ನು ಭೌತಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬೆಟ್ಟದ ಊರಿನಿಂದ ಬಂದವನು

ಇಟಲಿಯ ಉತ್ತರಕ್ಕೆ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ತ್ರೆಂತೊ ನಗರಕ್ಕೆ ಸಮೀಪವಾಗಿ ಪಾಲೂ ದಿ ಜೋವೊ ಎಂಬ ಚಿಕ್ಕ ಊರಿದೆ. 1951ನೆಯ ಜೂನ್ 19ರಂದು ಮೊಸೆರ್ ಹುಟ್ಟಿದ್ದು ಅಲ್ಲಿಯೇ. ದ್ರಾಕ್ಷಿ ಬೆಳೆಯುವ ಸೀಮೆ. ಬೇಸಾಯದ ದೊಡ್ಡ ಕುಟುಂಬ. ಆತನ ಅಣ್ಣಂದಿರಾದ ಆಲ್ದೊ, ಎಂಜೊ ಮತ್ತು ದಿಯೇಗೊ ಎಂಬವರೂ ಬೈಸಿಕಲ್ ಪಂದ್ಯಗಳನ್ನೇ ವೃತ್ತಿಯಾಗಿ ಹಿಡಿದವರು. 1973ರಲ್ಲಿ ವೃತ್ತಿಗಿಳಿದ ಮೊಸೆರ್ 1988ರವರೆಗೆ ಹದಿನೈದು ವರ್ಷಕಾಲ ಅದರಲ್ಲಿ ಉಳಿದನು. ಈ ಅವಧಿಯಲ್ಲಿ ಆತನು ರಸ್ತೆಯ ಪಂದ್ಯಗಳಲ್ಲಿ ಪಡೆದ ಗೆಲುವುಗಳು 273. ಇಟಲಿಯ ಬೇರೆ ಯಾವ ಸವಾರನೂ ಇಷ್ಟು ಗೆಲುವುಗಳನ್ನು ಕಂಡಿಲ್ಲ. ಜೊತೆಯ ಸವಾರರ ಗುಂಪನ್ನು ಅಧಿಕಾರದಿಂದ ಹತೋಟಿಯಲ್ಲಿಡುತ್ತಿದ್ದ ಕಾರಣ ಆತನಿಗೆ 'ಶೆರೀಫ' ಎಂಬ ಅಡ್ಡಹೆಸರು ಬಿದ್ದಿತ್ತು.

1975ರಲ್ಲಿ ಫ್ರಾನ್ಸಿನ ಮಹಾಯಾತ್ರೆಯೆನಿಸಿದ ತೂರ್ ದ ಫ್ರಾನ್ಸಿನಲ್ಲಿ ಎರಡು ಹಂತಗಳನ್ನು ಗೆದ್ದು, ಕೆಲವು ದಿನ ಮುಂದಾಳಿನ ಹಳದಿ ಅಂಗಿಯನ್ನು ತೊಟ್ಟನು. 1976ರಲ್ಲಿ ಪಥದ ಮೇಲಿನ ಬೆನ್ನಟ್ಟುವ ಸ್ಪರ್ಧೆಯಲ್ಲಿಯೂ, 1977ರಲ್ಲಿ ವೆನಿಜ್ವೇಲಾ ದೇಶದ ಸಾನ್ ಕ್ರಿಸ್ತೋಬಾಲಿನಲ್ಲಿ ನಡೆದ ರಸ್ತೆಯ ಸ್ಪರ್ಧೆಯಲ್ಲಿಯೂ ಜಗತ್ತಿನ ಚಾಂಪಿಯನ್ ಆದನು. ಪ್ಯಾರಿಸಿನ ಕಡೆಯಿಂದ ರೂಬೇ ಪಟ್ಟಣಕ್ಕೆ ಹೋಗುವ, ಕಲ್ಲುಚಪ್ಪಡಿಯ ಹಾದಿಗಳಿಗೆ ಹೆಸರಾದ ಕಠಿಣ ಪಂದ್ಯವನ್ನು 1978, 1979 ಮತ್ತು 1980ರಲ್ಲಿ ಸತತವಾಗಿ ಮೂರು ಬಾರಿ ಗೆದ್ದನು. ಅದಕ್ಕೆ ಮೊದಲು ಸತತ ಮೂರು ಸಲ ಗೆದ್ದಿದ್ದವನು 1909ರಿಂದ 1911ರವರೆಗಿನ ಓಕ್ತಾವ್ ಲಾಪೀಜ್ ಒಬ್ಬನೇ.

ಇಷ್ಟಾದರೂ ತನ್ನ ನಾಡಿನ ಮಹಾಯಾತ್ರೆಯಾದ ಜೀರೊ ದಿತಾಲಿಯಾ ಮಾತ್ರ ಬಹುಕಾಲ ಆತನ ಕೈಗೆ ಸಿಕ್ಕಲಿಲ್ಲ. 1977ರಲ್ಲಿ ಎರಡನೆಯವನು, 1978ರಲ್ಲಿ ಮೂರನೆಯವನು, 1979ರಲ್ಲಿ ಪುನಃ ಎರಡನೆಯವನು. ಇದಕ್ಕೆ ಕಾರಣವನ್ನು ಹುಡುಕಲು ದೈವವನ್ನು ದೂರಬೇಕಾಗಿಲ್ಲ; ರೇಖಾಗಣಿತವೇ ಸಾಕು. ಮೊಸೆರ್ ದೊಡ್ಡ ಮೈಕಟ್ಟಿನವನು. ಮನುಷ್ಯನ ಎತ್ತರ, ಅಗಲ, ದಪ್ಪಗಳು ಒಂದೇ ಪ್ರಮಾಣದಲ್ಲಿ ಹೆಚ್ಚಿದರೆ ಗಾಳಿಗೆ ಒಡ್ಡುವ ಮೈಯ ವಿಸ್ತೀರ್ಣವು ಆ ಪ್ರಮಾಣದ ವರ್ಗದಂತೆ ಹೆಚ್ಚುತ್ತದೆ; ಮೈಯ ತೂಕವಾದರೋ ಘನದಂತೆ ಹೆಚ್ಚುತ್ತದೆ. ಮಟ್ಟಸವಾದ ಹಾದಿಯಲ್ಲಿ ಎದುರಾಗುವುದು ಗಾಳಿ. ಅಲ್ಲಿ ದೊಡ್ಡ ಸ್ನಾಯುಗಳುಳ್ಳವನಿಗೆ ಲಾಭವುಂಟು. ಅವನ ಸಾಮರ್ಥ್ಯ ಹೆಚ್ಚಿದಷ್ಟು ಗಾಳಿಯ ತಡೆ ಹೆಚ್ಚುವುದಿಲ್ಲ. ಬೆಟ್ಟವನ್ನೇರುವಾಗ ಎದುರಾಗುವುದು ಗುರುತ್ವಾಕರ್ಷಣೆ. ಅಲ್ಲಿ ಪ್ರತಿಯೊಂದು ಕಿಲೋಗ್ರಾಮಿಗೂ ಸುಂಕ ತೆರಬೇಕು. ಆದುದರಿಂದಲೇ ಬಯಲಿನಲ್ಲಿ ಸಿಂಹನಾದ ಮೊಸೆರ್ ಆಲ್ಪ್ಸಿನ ಕಣಿವೆಗಳಲ್ಲಿ ಹಗುರ ಮೈಯವರ ಹಿಂದೆ ಬೀಳುತ್ತಿದ್ದನು. 1983ರ ಹೊತ್ತಿಗೆ ಆತನಿಗೆ 32 ವರ್ಷ. ಉತ್ತಮ ದಿನಗಳು ಕಳೆದುಹೋದುವೆಂದೇ ಅನೇಕರು ಬಗೆದಿದ್ದರು. ಆಗ ಆತನ ಕಣ್ಣು ಬಿದ್ದದ್ದು ಗಂಟೆಯ ದಾಖಲೆಯ ಮೇಲೆ.

ಗಡಿಯಾರದೊಡನೆ ಪಂದ್ಯ

ಬೈಸಿಕಲ್ ಸ್ಪರ್ಧೆಗಳಲ್ಲೆಲ್ಲ ಇದಕ್ಕಿಂತ ಸರಳವಾದದ್ದಿಲ್ಲ. ಸವಾರನೊಬ್ಬನೇ, ಪಥವು ದುಂಡಾದದ್ದು, ಅವಧಿ ಒಂದು ಗಂಟೆ. ಆ ಗಂಟೆಯಲ್ಲಿ ಎಷ್ಟು ದೂರ ಹೋದನೆಂಬುದೇ ಫಲಿತಾಂಶ. ಮುಂದೆ ಹೋಗುವವನ ಮರೆಯಲ್ಲಿ ಅವಿತು ಗಾಳಿಯನ್ನು ತಪ್ಪಿಸಿಕೊಳ್ಳುವ ಉಪಾಯ ಇಲ್ಲಿ ನಡೆಯದು. 1893ರಲ್ಲಿ ಪ್ಯಾರಿಸಿನಲ್ಲಿ ಹೆನ್ರಿ ದೆಗ್ರಾಂಜ್ ಎಂಬವನು 35.325 ಕಿಲೋಮೀಟರು ಕ್ರಮಿಸಿ ಮೊದಲ ದಾಖಲೆಯನ್ನು ನಿಲ್ಲಿಸಿದನು. ಮುಂದೆ 1903ರಲ್ಲಿ ತೂರ್ ದ ಫ್ರಾನ್ಸನ್ನು ಆರಂಭಿಸಿದವನೂ ಈತನೇ. ಇಟಲಿಯ ಜನರ ಕಣ್ಮಣಿಯಾಗಿದ್ದ ಫಾಉಸ್ತೊ ಕೊಪ್ಪಿ ಯುದ್ಧದ ನಡುವೆಯೇ, 1942ರಲ್ಲಿ, ಮಿಲಾನಿನ ವಿಗೊರೆಲ್ಲಿ ಪಥದಲ್ಲಿ 45.798 ಕಿಲೋಮೀಟರನ್ನು ಮುಟ್ಟಿದನು.

1972ರ ಅಕ್ಟೋಬರ್ 25ರಂದು ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ 49.431 ಕಿಲೋಮೀಟರು ಸವಾರಿ ಮಾಡಿದನು. ತನ್ನ ಕಾಲದ ಸರ್ವಶ್ರೇಷ್ಠನಾದ ಮರ್ಕ್ಸನೇ ಆ ಒಂದು ಗಂಟೆಯ ಸಂಕಟವನ್ನು ಮತ್ತೆಂದೂ ಅನುಭವಿಸಲಾರೆನೆಂದು ನಿಶ್ಚಯಿಸಿದ ಮೇಲೆ, ಹನ್ನೊಂದು ವರ್ಷಕಾಲ ಆ ಅಂಕೆ ಅಲುಗಾಡದೆ ನಿಂತಿತು.

ವೇಗದ ಬೆಲೆ

ಮರ್ಕ್ಸನ ಅಂಕೆಗಿಂತ ಮೊಸೆರನ ಅಂಕೆ ಶೇಕಡಾ ಮೂರೂವರೆಯಷ್ಟು ಮಾತ್ರ ಹೆಚ್ಚು. ಇದೇನು ಮಹಾ ಎಂದು ವಾಚಕರು ಕೇಳಬಹುದು. ಉತ್ತರವು ಗಾಳಿಯ ಸ್ವಭಾವದಲ್ಲಿದೆ.

ಚಲಿಸುವ ವಸ್ತುವಿಗೆ ವಾಯುವು ಒಡ್ಡುವ ಪ್ರತಿರೋಧವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು. ಆ ಪ್ರತಿರೋಧವನ್ನು ಪ್ರತಿ ಸೆಕೆಂಡಿನಲ್ಲಿಯೂ ಹೆಚ್ಚು ದೂರದವರೆಗೆ ತಳ್ಳಿಕೊಂಡು ಹೋಗಬೇಕಾದುದರಿಂದ, ಸವಾರನು ನೀಡಬೇಕಾದ ಸಾಮರ್ಥ್ಯವು ವೇಗದ ಘನದಂತೆ, ಎಂದರೆ ಎಂಟು ಪಟ್ಟು, ಏರುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಸವಾರನ ದುಡಿಮೆಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಗಾಳಿಗೇ ಸಂದಾಯವಾಗುತ್ತದೆ. ಟೈರು, ಸರಪಳಿ, ಗುಂಡುಗಳ ಘರ್ಷಣೆಗೆ ಹೋಗುವುದು ಉಳಿದ ಅಲ್ಪಭಾಗ. ಹೀಗಿರಲಾಗಿ, ಮಿಕ್ಕೆಲ್ಲವೂ ಒಂದೇ ಆಗಿದ್ದ ಪಕ್ಷದಲ್ಲಿ, ಮರ್ಕ್ಸನಿಗಿಂತ ಶೇಕಡಾ ಮೂರೂವರೆ ವೇಗವಾಗಿ ಹೋಗುವವನು ಶೇಕಡಾ ಹನ್ನೊಂದರಷ್ಟು ಹೆಚ್ಚು ಸಾಮರ್ಥ್ಯವನ್ನು ತೋರಬೇಕು. ಲೋಕದ ಅತ್ಯುತ್ತಮ ಸವಾರನಿಗಿಂತ ಶೇಕಡಾ ಹನ್ನೊಂದು ಬಲಿಷ್ಠನಾದ ಮನುಷ್ಯನನ್ನು ಹುಡುಕುವುದು ಸುಲಭವಲ್ಲ; ಅದೂ 32ನೆಯ ವಯಸ್ಸಿನಲ್ಲಿ.

ಅಂದಾಜಿಗಾಗಿ ಒಂದು ಲೆಕ್ಕವನ್ನು ಮಾಡೋಣ. ಬಾಗಿ ಕುಳಿತ ಸವಾರನು ತನ್ನ ಬೈಸಿಕಲ್ಲಿನೊಡನೆ ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣವನ್ನು ಕಾಲು ಚದರ ಮೀಟರೆಂದು ಇಟ್ಟುಕೊಳ್ಳೋಣ. ಸಮುದ್ರಮಟ್ಟದ ಹವೆಯಲ್ಲಿ ಮೊಸೆರನ ವೇಗಕ್ಕೆ, ಎಂದರೆ ಸೆಕೆಂಡಿಗೆ 14.2 ಮೀಟರಿಗೆ, ಗಾಳಿಯೊಂದಕ್ಕೇ ಸುಮಾರು 430 ವಾಟು ಬೇಕಾಗುತ್ತದೆ. ಇದು ಅರ್ಧ ಅಶ್ವಶಕ್ತಿಗಿಂತ ಹೆಚ್ಚು. ಇದನ್ನು ಒಂದು ನಿಮಿಷ ನೀಡಬಲ್ಲವರು ಹಲವರಿದ್ದಾರೆ. ಅರವತ್ತು ನಿಮಿಷ, ಒಂದು ಕ್ಷಣವೂ ಕಾಲು ನಿಲ್ಲಿಸದೆ, ನೀಡಬಲ್ಲವರು ಬಹಳ ವಿರಳ.

ತೆಳುಹವೆಯ ಉಪಕಾರ ಮತ್ತು ಅಪಕಾರ

ಮರ್ಕ್ಸನೂ ಮೊಸೆರನೂ ಯೂರೋಪನ್ನು ಬಿಟ್ಟು ಮೆಕ್ಸಿಕೊ ನಗರಕ್ಕೆ ಹೋದದ್ದೇಕೆ? ಆ ನಗರವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ; ನಮ್ಮ ಉದಕಮಂಡಲದ ಎತ್ತರವೂ ಹೆಚ್ಚುಕಡಮೆ ಅಷ್ಟೇ. ಅಲ್ಲಿ ಹವೆಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದಕ್ಕಿಂತ ಶೇಕಡಾ ಇಪ್ಪತ್ತರಷ್ಟು ಕಡಮೆ. ಸಾಂದ್ರತೆ ಇಳಿದಷ್ಟೇ ಪ್ರಮಾಣದಲ್ಲಿ ಪ್ರತಿರೋಧವೂ ಇಳಿಯುತ್ತದೆ. ಮೇಲಿನ 430 ವಾಟಿನ ಸಾಲ ಅಲ್ಲಿ ಸುಮಾರು 340 ವಾಟಿಗೆ ಇಳಿದುಬಿಡುತ್ತದೆ. ಅದೇ ಸಾಮರ್ಥ್ಯವನ್ನು ನೀಡಲು ಸಾಧ್ಯವಾದರೆ ವೇಗವು ಶೇಕಡಾ ಏಳೂವರೆಯಷ್ಟು ಏರಬೇಕು.

ಆದರೆ ಪ್ರಕೃತಿಯು ಒಂದು ಕೈಯಲ್ಲಿ ಕೊಟ್ಟುದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಹವೆ ತೆಳುವಾದರೆ ಅದರಲ್ಲಿರುವ ಆಮ್ಲಜನಕವೂ ವಿರಳವಾಗುತ್ತದೆ. ಆ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಶ್ವಾಸಕೋಶದೊಳಗೆ ಆಮ್ಲಜನಕವನ್ನು ನೂಕುವ ಒತ್ತಡ ಕುಗ್ಗಿ, ಸ್ನಾಯುಗಳು ಬೇಗನೆ ದಣಿಯುತ್ತವೆ. ಕೆಲವೇ ಸೆಕೆಂಡುಗಳ ಓಟಕ್ಕೆ ತೆಳುಹವೆ ಅಪ್ಪಟ ಲಾಭ. ಒಂದು ಗಂಟೆಯ ಸವಾರಿಗೆ ಅದು ಲಾಭನಷ್ಟಗಳ ವ್ಯಾಪಾರ. ಎರಡನ್ನೂ ಕೂಡಿ ಕಳೆದರೆ ಲಾಭವೇ ಮಿಗುತ್ತದೆ. 1986ರಲ್ಲಿ ಮೊಸೆರ್ ಸಮುದ್ರಮಟ್ಟಕ್ಕೆ ಹತ್ತಿರವಾದ ಮಿಲಾನಿನ ವಿಗೊರೆಲ್ಲಿ ಪಥದಲ್ಲಿ ಇದೇ ಪರೀಕ್ಷೆಗೆ ನಿಂತು 49.802 ಕಿಲೋಮೀಟರು ಕ್ರಮಿಸಿದನು. ಮೆಕ್ಸಿಕೊದ ಅಂಕೆಗೂ ಇದಕ್ಕೂ ಅಂತರ 1,349 ಮೀಟರು. ವಯಸ್ಸು, ಬಯಲುಗಾಳಿ ಮೊದಲಾದ ಬೇರೆ ಕಾರಣಗಳೂ ಸೇರಿರುವುದರಿಂದ ಈ ಹೋಲಿಕೆ ಸಂಪೂರ್ಣ ಶುದ್ಧವಲ್ಲ. ಆದರೂ ಎತ್ತರದ ಪಾಲು ಯಾವ ಮಟ್ಟದ್ದೆಂಬುದನ್ನು ಇದು ಸೂಚಿಸುತ್ತದೆ. ಮಿಲಾನಿನ ಈ ಅಂಕೆಯು ಮರ್ಕ್ಸನ ಮೆಕ್ಸಿಕೊದ ಅಂಕೆಗಿಂತಲೂ 371 ಮೀಟರು ಹೆಚ್ಚು ಎಂಬುದು ಗಮನಾರ್ಹ. ಎಂದಮೇಲೆ ಎತ್ತರವೊಂದೇ ಇದರ ರಹಸ್ಯವಲ್ಲ.

ಕಡ್ಡಿಯಿಲ್ಲದ ಚಕ್ರ

ಮರ್ಕ್ಸನ ಬೈಸಿಕಲ್ಲನ್ನು ತಯಾರಿಸಿದವರು ಹಗುರತನವನ್ನೇ ಮುಖ್ಯವೆಂದು ಎಣಿಸಿ, ಲೋಹದ ಭಾಗಗಳಲ್ಲಿ ತೂತು ಕೊರೆದು, ಇಡೀ ವಾಹನವನ್ನು ಆರು ಕಿಲೋಗ್ರಾಮಿಗಿಂತ ಕಡಮೆ ತೂಕಕ್ಕೆ ಇಳಿಸಿದ್ದರು. ಮೊಸೆರನ ಬೈಸಿಕಲ್ಲು ಅದಕ್ಕಿಂತ ಭಾರವಾಗಿತ್ತು. ಇದು ಅವಿವೇಕವೆ? ಅಲ್ಲ. ಮಟ್ಟಸವಾದ ಪಥದಲ್ಲಿ ಒಂದೇ ವೇಗದಿಂದ ಸಾಗುವವನಿಗೆ ತೂಕವು ದೊಡ್ಡ ತೊಂದರೆಯನ್ನು ಕೊಡುವುದಿಲ್ಲ. ವೇಗವನ್ನು ಹೆಚ್ಚಿಸುವಾಗ ಒಮ್ಮೆ ಬೆಲೆ ತೆತ್ತರೆ ಮುಗಿಯಿತು. ಗಾಳಿಗಾದರೋ ಪ್ರತಿಕ್ಷಣವೂ ತೆರಬೇಕು. ಆದುದರಿಂದ ರೋಮಿನ ಕ್ರೀಡಾವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಆಂತೊನಿಯೊ ದಾಲ್ ಮೊಂತೆಯವರು ತೂಕವನ್ನು ಲಕ್ಷಿಸದೆ ಆಕಾರವನ್ನು ಲಕ್ಷಿಸಿದರು.

ಅವರ ಮುಖ್ಯ ಕಾಣಿಕೆಯೆಂದರೆ ತಟ್ಟೆಯಂಥ ಚಕ್ರ. ಸಾಧಾರಣ ಚಕ್ರದ ಸ್ಪೋಕು ಕಡ್ಡಿಗಳು ತೆಳ್ಳಗಿದ್ದರೂ ಗಾಳಿಯನ್ನು ಕಡೆಯುತ್ತವೆ. ಉರುಳುವ ಚಕ್ರದಲ್ಲಿ ನೆಲವನ್ನು ಮುಟ್ಟಿದ ಬಿಂದುವು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ. ಮೇಲ್ತುದಿಯ ಬಿಂದುವಾದರೋ ಸವಾರನ ವೇಗದ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ಮೊಸೆರ್ ಗಂಟೆಗೆ 51 ಕಿಲೋಮೀಟರು ಹೋಗುತ್ತಿದ್ದಾಗ ಆತನ ಚಕ್ರದ ಮೇಲಂಚು ಗಂಟೆಗೆ 102 ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳುತ್ತಿತ್ತು. ಪ್ರತಿರೋಧವು ವೇಗದ ವರ್ಗದಂತೆ ಏರುವುದನ್ನು ನೆನೆದರೆ, ಅಲ್ಲಿ ಒಂದೊಂದು ಕಡ್ಡಿಯೂ ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ. ಕಡ್ಡಿಗಳ ಬದಲು ನುಣುಪಾದ ತಟ್ಟೆಯಿದ್ದರೆ ಗಾಳಿಯು ಅದರ ಮೈಸವರಿ ಹರಿದುಹೋಗುತ್ತದೆ. ಇದರ ಜೊತೆಗೆ ಮುಂಭಾಗ ತಗ್ಗಿದ ಚೌಕಟ್ಟು, ಕೊಂಬಿನಂತೆ ಮುಂಚಾಚಿದ ಹ್ಯಾಂಡಲ್ಲು, ಮೈಗಂಟುವ ಉಡುಪು, ಇವೆಲ್ಲವೂ ಒಂದೇ ಗುರಿಗೆ ಸೇರಿದುವು.

ನಿಯಮದ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಗಾಳಿಯನ್ನು ತಪ್ಪಿಸುವ ಹೊದಿಕೆಗಳನ್ನು ಅಂತರರಾಷ್ಟ್ರೀಯ ಬೈಸಿಕಲ್ ಒಕ್ಕೂಟವು 1914ರಲ್ಲಿಯೇ ನಿಷೇಧಿಸಿತ್ತು. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬವನು ಒರಗಿ ಮಲಗಿ ತುಳಿಯುವ ಬೈಸಿಕಲ್ಲಿನ ಮೇಲೆ 45 ಕಿಲೋಮೀಟರು ದಾಟಿದಾಗ, ಮರುವರ್ಷವೇ ಅಂಥ ವಾಹನಗಳನ್ನು ಒಕ್ಕೂಟವು ಹೊರಗಿಟ್ಟಿತು. ಮೊಸೆರನ ಚಕ್ರಗಳಾದರೋ ಅಂಗೀಕಾರ ಪಡೆದುವು. ತಟ್ಟೆಯು ಚಕ್ರದ ಮೇಲಿನ ಹೊದಿಕೆಯೆ, ಅಥವಾ ಚಕ್ರವೇ ಅದೆಯೆ? ಭೌತಶಾಸ್ತ್ರಕ್ಕೆ ಈ ಎರಡರಲ್ಲಿ ಭೇದವಿಲ್ಲ. ಗೆರೆಯನ್ನು ಎಳೆಯುವವರು ಮನುಷ್ಯರು.

ರಕ್ತದ ಲೆಕ್ಕ

ಯಂತ್ರವನ್ನು ತಿದ್ದಿದಂತೆಯೇ ದೇಹವನ್ನೂ ತಿದ್ದುವ ಕಾರ್ಯ ನಡೆಯಿತು. ಫೆರಾರಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಫ್ರಾಂಚೆಸ್ಕೊ ಕೊಂಕೋನಿಯವರು ಇದರ ಸೂತ್ರಧಾರರು. ಓಟದ ವೇಗ ಹೆಚ್ಚಿದಂತೆ ಹೃದಯದ ಬಡಿತವೂ ಸರಳರೇಖೆಯಲ್ಲಿ ಏರುತ್ತ ಹೋಗಿ, ಒಂದು ಹಂತದಲ್ಲಿ ಆ ರೇಖೆ ಬಾಗುತ್ತದೆಂದೂ, ದೀರ್ಘಕಾಲ ತಾಳಬಹುದಾದ ಶ್ರಮದ ಗಡಿ ಅದೇ ಎಂದೂ ಅವರು 1982ರಲ್ಲಿ ಪ್ರಕಟಿಸಿದ್ದರು. ಈ ಬಾಗು ಎಲ್ಲರಲ್ಲಿಯೂ ಸ್ಪಷ್ಟವಾಗಿ ಕಾಣುವುದಿಲ್ಲವೆಂದು ತರುವಾಯದ ಸಂಶೋಧಕರು ಆಕ್ಷೇಪಿಸಿದರು. ಆದರೆ ಗಡಿಯನ್ನು ಅಳೆದು, ಅದರ ಅಂಚಿನಲ್ಲಿಯೇ ಇಡೀ ಗಂಟೆಯನ್ನು ಸಾಗಿಸುವ ಕ್ರಮ ಅಂದಿಗೆ ಹೊಸತು. ಹಿಂದಿನವರು ಅನುಭವದಿಂದ ಅಂದಾಜು ಕಟ್ಟುತ್ತಿದ್ದುದನ್ನು ಇಲ್ಲಿ ಅಂಕೆಗಳಿಂದ ನಿರ್ಧರಿಸಿದರು.

ಇದಿಷ್ಟೇ ಆಗಿದ್ದರೆ ಕಥೆಯು ನಿಷ್ಕಳಂಕವಾಗಿರುತ್ತಿತ್ತು. ರಕ್ತದಲ್ಲಿರುವ ಕೆಂಪುಕಣಗಳು ಆಮ್ಲಜನಕವನ್ನು ಹೊತ್ತೊಯ್ಯುವ ಹಮಾಲಿಗಳಿದ್ದಂತೆ. ಹಮಾಲಿಗಳ ಸಂಖ್ಯೆ ಹೆಚ್ಚಿದರೆ ಸ್ನಾಯುಗಳಿಗೆ ಹೆಚ್ಚು ಸರಕು ತಲುಪುತ್ತದೆ. ಮನುಷ್ಯನಿಂದ ಸ್ವಲ್ಪ ರಕ್ತವನ್ನು ತೆಗೆದು ಕಾದಿಟ್ಟರೆ, ಕೆಲವು ವಾರಗಳಲ್ಲಿ ದೇಹವು ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಆಮೇಲೆ ಕಾದಿಟ್ಟ ರಕ್ತವನ್ನು ಅದೇ ಮನುಷ್ಯನಿಗೆ ಮರಳಿ ಸೇರಿಸಿದರೆ ಕೆಂಪುಕಣಗಳು ಸಹಜಕ್ಕಿಂತ ಹೆಚ್ಚಾಗುತ್ತವೆ. ತೆಳುಹವೆಯು ಕಿತ್ತುಕೊಂಡ ಆಮ್ಲಜನಕವನ್ನು ಹಿಂದಕ್ಕೆ ಪಡೆಯಲು ಇದೊಂದು ಮಾರ್ಗ. ಕೊಂಕೋನಿಯವರ ಮೇಲ್ವಿಚಾರಣೆಯಲ್ಲಿ ಹೀಗೆ ತನ್ನ ರಕ್ತವನ್ನೇ ಮರಳಿ ಪಡೆದುದಾಗಿ ಮೊಸೆರ್ ಮುಂದೆ ಬಹಿರಂಗವಾಗಿ ಒಪ್ಪಿಕೊಂಡನು.

1984ರಲ್ಲಿ ಇದನ್ನು ನಿಷೇಧಿಸುವ ನಿಯಮವಿರಲಿಲ್ಲ. ಕ್ರೀಡಾಸಂಸ್ಥೆಗಳು ನಿಷೇಧವನ್ನು ತಂದದ್ದು ಅದೇ ದಶಕದ ಮಧ್ಯಭಾಗದಲ್ಲಿ. ಆದಕಾರಣ ಮೊಸೆರನನ್ನು ನಿಯಮ ಮುರಿದವನೆಂದು ಕರೆಯುವುದು ನ್ಯಾಯವಲ್ಲ. ಹಾಗೆಂದು, ನಿಯಮವಿಲ್ಲವೆಂಬ ಮಾತ್ರಕ್ಕೆ ಎಲ್ಲವೂ ಸರಿಯೆನ್ನುವುದೂ ವಿವೇಕವಲ್ಲ. ಕಣಗಳು ಹೆಚ್ಚಿದ ರಕ್ತವು ಮಂದವಾಗುತ್ತದೆ. ಅದನ್ನು ನೂಕಲು ಹೃದಯವು ಹೆಚ್ಚು ದುಡಿಯಬೇಕು. ರಕ್ತನಾಳಗಳಲ್ಲಿ ಅದು ಹೆಪ್ಪುಗಟ್ಟುವ ಭಯವುಂಟು. ಚಕ್ರದ ಪ್ರಯೋಗ ಕೆಟ್ಟರೆ ಮುರಿಯುವುದು ಚಕ್ರ. ರಕ್ತದ ಪ್ರಯೋಗ ಕೆಟ್ಟರೆ ಹೋಗುವುದು ಮನುಷ್ಯನ ಪ್ರಾಣ. ತಟ್ಟೆಯ ಚಕ್ರವನ್ನೂ ರಕ್ತದ ಶೀಶೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದೆಂದು ಹೇಳುವವರ ವಾದಕ್ಕೆ ಇದೇ ಆಧಾರ.

ವೆರೋನಾದ ಕೊನೆಯ ದಿನ

ಜನವರಿ 19ರಂದು ಮೊಸೆರ್ ಮೊದಲ ಸಲ ಪ್ರಯತ್ನಿಸಿ 50.808 ಕಿಲೋಮೀಟರು ಕ್ರಮಿಸಿದನು. ಗಂಟೆಗೆ 50 ಕಿಲೋಮೀಟರಿನ ಗಡಿಯನ್ನು ದಾಟಿದ ಮೊದಲ ದಾಖಲೆ ಅದು. ನಾಲ್ಕೇ ದಿನಗಳ ಅನಂತರ 51.151ಕ್ಕೆ ಏರಿಸಿದನು. ಇಟಲಿಯು ಸಂಭ್ರಮದಿಂದ ಕುಣಿಯಿತು. ಮಾರ್ಚ್ ತಿಂಗಳಲ್ಲಿ ಮಿಲಾನಿನಿಂದ ಸಾನ್ ರೇಮೊವರೆಗಿನ ಪ್ರಸಿದ್ಧ ಪಂದ್ಯವನ್ನೂ ಆತನು ಗೆದ್ದನು. ಆಮೇಲೆ ಬಂದದ್ದು ಅದುವರೆಗೆ ಕೈಗೆಟುಕದಿದ್ದ ಜೀರೊ.

ಜೂನ್ 10ರಂದು ಕೊನೆಯ ಹಂತ. ಸೊವಾವೆಯಿಂದ ವೆರೋನಾದ ಪುರಾತನ ರೋಮನ್ ರಂಗಮಂಟಪದವರೆಗೆ 42 ಕಿಲೋಮೀಟರು. ಸವಾರರು ಒಬ್ಬೊಬ್ಬರಾಗಿ ಗಡಿಯಾರದೆದುರು ಓಡಬೇಕು. ಫ್ರಾನ್ಸಿನ ತರುಣ ಲೊರಾಂ ಫಿನ್ಯೋಂ ಅಂದಿಗೆ 1 ನಿಮಿಷ 21 ಸೆಕೆಂಡು ಮುಂದಿದ್ದನು. ಮೊಸೆರ್ ತನ್ನ ಮೆಕ್ಸಿಕೊ ಮಾದರಿಯ, ತಟ್ಟೆಚಕ್ರದ ಬೈಸಿಕಲ್ಲನ್ನು ಏರಿದನು. ಫಿನ್ಯೋಂ ಸಾಧಾರಣ ಬೈಸಿಕಲ್ಲಿನಲ್ಲಿಯೇ ಹೊರಟನು. ಮೊಸೆರ್ ಆ ಹಂತವನ್ನು 2 ನಿಮಿಷ 24 ಸೆಕೆಂಡುಗಳಿಂದ ಗೆದ್ದು, ಒಟ್ಟು 1 ನಿಮಿಷ 3 ಸೆಕೆಂಡುಗಳ ಅಂತರದಿಂದ ಮಹಾಯಾತ್ರೆಯನ್ನು ತನ್ನದಾಗಿಸಿಕೊಂಡನು.

ಈ ಗೆಲುವಿನ ಸುತ್ತ ಎದ್ದ ವಿವಾದವು ಇಂದಿಗೂ ಅಡಗಿಲ್ಲ. ಹಿಮದ ಕಾರಣ ಹೇಳಿ ಸ್ತೆಲ್ವಿಯೊ ಕಣಿವೆಯ ಏರನ್ನು ಕೈಬಿಟ್ಟದ್ದು ಬೆಟ್ಟದಲ್ಲಿ ಸೋಲುವ ಮೊಸೆರನಿಗೆ ಅನುಕೂಲ ಮಾಡಲಿಕ್ಕೆಂದು ಫ್ರೆಂಚರು ದೂರಿದರು. ಕೊನೆಯ ದಿನ ಚಿತ್ರಗ್ರಹಣದ ಹೆಲಿಕಾಪ್ಟರು ತಗ್ಗಿನಲ್ಲಿ ಹಾರಿ, ಅದರ ರೆಕ್ಕೆಗಳ ಗಾಳಿ ತನಗೆ ಎದುರಾಯಿತೆಂದು ಫಿನ್ಯೋಂ ಕೊನೆಯವರೆಗೂ ನಂಬಿದ್ದನು. ಲೆಕ್ಕವು ಹೇಳುವುದಿಷ್ಟು: ಆ ಹಂತದಲ್ಲಿ ಮೊಸೆರನ ವೇಗ ಫಿನ್ಯೋಂನ ವೇಗಕ್ಕಿಂತ ಶೇಕಡಾ ಐದರಷ್ಟು ಹೆಚ್ಚು; ಒಂದೇ ಬಗೆಯ ವಾಹನವಾಗಿದ್ದರೆ ಇದಕ್ಕೆ ಶೇಕಡಾ ಹದಿನೈದರಷ್ಟು ಅಧಿಕ ಸಾಮರ್ಥ್ಯ ಬೇಕಿತ್ತು. ಇದರಲ್ಲಿ ಗಣನೀಯ ಭಾಗವನ್ನು ಚಕ್ರ ಮತ್ತು ಹ್ಯಾಂಡಲ್ಲುಗಳೇ ಒದಗಿಸಿರಬಹುದು. ಮಿಕ್ಕುದರಲ್ಲಿ ಕಾಲಿನದೆಷ್ಟು, ಹೆಲಿಕಾಪ್ಟರಿನದೆಷ್ಟು ಎಂದು ವಿಂಗಡಿಸಲು ಆ ದಿನ ಯಾರೂ ಗಾಳಿಯನ್ನು ಅಳೆಯಲಿಲ್ಲ. ಅಳೆಯದೆ ಬಿಟ್ಟ ರಾಶಿಯ ವಿಷಯದಲ್ಲಿ ವಾದ ಮುಗಿಯುವುದಿಲ್ಲ.

ಅಳತೆಗೋಲಿನ ಅವಸ್ಥೆ

ಮೊಸೆರನ ಅಂಕೆ ಒಂಬತ್ತು ವರ್ಷ ನಿಂತಿತು. 1993ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ, ತೋಳುಗಳನ್ನು ಎದೆಯ ಕೆಳಗೆ ಮಡಿಸಿಕೊಂಡು ಕೂರುವ ವಿಚಿತ್ರ ಭಂಗಿಯಿಂದ 51.596 ಕಿಲೋಮೀಟರನ್ನು ಮುಟ್ಟಿದನು. ಆರೇ ದಿನಗಳಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನು 52.270ಕ್ಕೆ ಏರಿಸಿದನು. ಆಗ ನಡೆದ ಒಂದು ಸಂಗತಿ ವಿಜ್ಞಾನದ ವಿದ್ಯಾರ್ಥಿಗೆ ಬಹಳ ಬೋಧಪ್ರದವಾಗಿದೆ. ವೃತ್ತಿಯನ್ನು ಬಿಟ್ಟು ಐದಾರು ವರ್ಷಗಳಾಗಿದ್ದ ಮೊಸೆರ್, 42ನೆಯ ವಯಸ್ಸಿನಲ್ಲಿ, 1994ರ ಜನವರಿ 15ರಂದು ಪುನಃ ಮೆಕ್ಸಿಕೊ ನಗರಕ್ಕೆ ಹೋಗಿ, ಓಬ್ರಿಯ ಭಂಗಿಯನ್ನೇ ಹಿಡಿದು 51.840 ಕಿಲೋಮೀಟರು ಸವಾರಿ ಮಾಡಿದನು. ದಾಖಲೆ ಆತನಿಗೆ ಮರಳಲಿಲ್ಲ; ಆದರೆ ಹತ್ತು ವರ್ಷ ಕಿರಿಯನಾಗಿದ್ದಾಗಿನ ತನ್ನ ಅಂಕೆಯನ್ನು ತಾನೇ 689 ಮೀಟರುಗಳಿಂದ ಮೀರಿದನು. ಊರು ಅದೇ, ಮನುಷ್ಯನೂ ಅವನೇ. ಬದಲಾದದ್ದರಲ್ಲಿ ಮುಖ್ಯವಾದುದು ಗಾಳಿಯೆದುರಿನಲ್ಲಿ ಮೈಯನ್ನು ಇಟ್ಟ ಬಗೆ.

1996ರಲ್ಲಿ ಬೋರ್ಡ್‌ಮನ್ 56.375ನ್ನು ತಲುಪಿದಾಗ ಒಕ್ಕೂಟಕ್ಕೆ ಗಾಬರಿಯಾಯಿತು. ಇದು ಮನುಷ್ಯರ ಸ್ಪರ್ಧೆಯೋ, ಯಂತ್ರಗಳ ಸ್ಪರ್ಧೆಯೋ? 2000ದಲ್ಲಿ ಒಕ್ಕೂಟವು ಮರ್ಕ್ಸನ ಕಾಲದ ಮಾದರಿಯ ಬೈಸಿಕಲ್ಲಿನಲ್ಲಿ ಮಾಡಿದುದು ಮಾತ್ರ ದಾಖಲೆಯೆಂದು ಸಾರಿ, 1972ರಿಂದೀಚಿನ ಅಂಕೆಗಳೆಲ್ಲವನ್ನೂ 'ಶ್ರೇಷ್ಠ ಮಾನವ ಪ್ರಯತ್ನ' ಎಂಬ ಬೇರೆ ಪಟ್ಟಿಗೆ ಸರಿಸಿತು. ಅದೇ ವರ್ಷ ಹಳೆಯ ಮಾದರಿಯ ವಾಹನದಲ್ಲಿ ಬೋರ್ಡ್‌ಮನ್ ಕ್ರಮಿಸಿದ ದೂರ 49.441 ಕಿಲೋಮೀಟರು, ಮರ್ಕ್ಸನಿಗಿಂತ ಹತ್ತೇ ಮೀಟರು ಹೆಚ್ಚು! 2014ರಲ್ಲಿ ಒಕ್ಕೂಟವು ಮತ್ತೆ ಮನಸ್ಸು ಬದಲಾಯಿಸಿ, ಪಥದ ಸ್ಪರ್ಧೆಗೆ ಸಮ್ಮತವಾದ ಆಧುನಿಕ ಬೈಸಿಕಲ್ಲುಗಳಿಗೆ ಅವಕಾಶ ಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿಯ ಯೆನ್ಸ್ ಫೋಕ್ಟ್ 51.110 ಕಿಲೋಮೀಟರು ಕ್ರಮಿಸಿ ಜಗತ್ತಿನ ದಾಖಲೆಗಾರನೆನಿಸಿಕೊಂಡನು. ಮೂವತ್ತು ವರ್ಷ ಹಿಂದೆ ಮೊಸೆರ್ ಹೋಗಿದ್ದ ದೂರಕ್ಕಿಂತ ಇದು 41 ಮೀಟರು ಕಡಮೆ. 2022ರ ಅಕ್ಟೋಬರ್ 8ರಂದು ಇಟಲಿಯವನೇ ಆದ ಫಿಲಿಪ್ಪೊ ಗಾನ್ನಾ 56.792 ಕಿಲೋಮೀಟರು ಸವಾರಿ ಮಾಡಿದ ಮೇಲೆ ಹಳೆಯ ಎರಡು ಪಟ್ಟಿಗಳೂ ಹಿಂದೆ ಬಿದ್ದುವು.

ಇಷ್ಟು ಗೊಂದಲವೇಕೆ? ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆಂದು ಮಕ್ಕಳೂ ಹೇಳುತ್ತಾರೆ. ಮಂಗಳೂರಿನಲ್ಲಿ ಅದು ನಿಜ. ಉದಕಮಂಡಲದಲ್ಲಿ ಅದು ಸುಮಾರು 92ರಿಂದ 93 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಎರಡು ಅಂಕೆಗಳಲ್ಲಿ ಒಂದು ಸುಳ್ಳಲ್ಲ. ವಾಯುಭಾರವನ್ನು ಹೇಳದೆ ಬಿಟ್ಟರೆ ಎರಡೂ ಅಪೂರ್ಣ. ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನು ಬರೆದರೂ ಅದರ ಪಕ್ಕದಲ್ಲಿ ಉಷ್ಣತೆ, ವಾಯುಭಾರಗಳನ್ನು ನಮೂದಿಸಬೇಕೆಂದು ನಾವು ವಿದ್ಯಾರ್ಥಿಗಳಿಗೆ ವಿಧಿಸುವುದು ಇದಕ್ಕಾಗಿಯೇ. ಕ್ರೀಡೆಯ ಅಂಕೆಗಳಿಗೂ ಈ ನ್ಯಾಯ ಸಲ್ಲಬೇಕು. 51.151 ಎಂಬುದನ್ನು ಒಂಟಿಯಾಗಿ ನಿಲ್ಲಿಸಿ ಪೂಜಿಸುವುದೂ ತಪ್ಪು, ಅಳಿಸಿಹಾಕುವುದೂ ತಪ್ಪು. 2,240 ಮೀಟರು ಎತ್ತರದಲ್ಲಿ, ತಟ್ಟೆಯ ಚಕ್ರಗಳ ಮೇಲೆ, ಮರಳಿ ಸೇರಿಸಿದ ರಕ್ತದ ಸಹಾಯದಿಂದ, ಅಂದಿನ ನಿಯಮಕ್ಕೆ ಒಳಪಟ್ಟು, 32 ವರ್ಷದ ಒಬ್ಬ ಸವಾರನು ಕ್ರಮಿಸಿದ ದೂರ ಎಂದು ಪೂರ್ತಿಯಾಗಿ ಬರೆದಾಗ ಆ ಅಂಕೆಗೆ ಅದರ ನಿಜವಾದ ಬೆಲೆ ಬರುತ್ತದೆ.

ಜನರ ಮನಸ್ಸಿನಲ್ಲಿ

ಇಟಲಿಯ ಜನರು ಮೊಸೆರನನ್ನು ಹೇಗೆ ಕಾಣುತ್ತಾರೆ? 1999ರಲ್ಲಿ ವೃತ್ತಿಸವಾರರು ತಮ್ಮ ಹಿತರಕ್ಷಣೆಯ ಸಂಘವನ್ನು ಕಟ್ಟಿದಾಗ, ಅಧ್ಯಕ್ಷಪದವಿಗೆ ಹಳೆಯ 'ಶೆರೀಫ'ನನ್ನೇ ಆರಿಸಿಕೊಂಡು ಹಲವು ವರ್ಷ ಉಳಿಸಿಕೊಂಡರು. ಆತನ ಅಣ್ಣ ದಿಯೇಗೊನ ಮಗ ಮೊರೇನೊ 2013ರಲ್ಲಿ ತೊಸ್ಕಾನಾ ಸೀಮೆಯ ಬಿಳಿಮಣ್ಣಿನ ಹಾದಿಗಳ ಪಂದ್ಯವನ್ನು ಗೆದ್ದಾಗ, ಮನೆತನದ ಹೆಸರನ್ನು ಜನ ಮತ್ತೊಮ್ಮೆ ಪ್ರೀತಿಯಿಂದ ನೆನೆದರು. ರಕ್ತದ ವಿಷಯ ತಿಳಿದ ಮೇಲೆ ಕೆಲವರ ಗೌರವ ಕುಂದಿತು; ಫ್ರಾನ್ಸಿನಲ್ಲಿ ವೆರೋನಾದ ಹೆಸರೆತ್ತಿದರೆ ಇಂದಿಗೂ ಹುಬ್ಬು ಗಂಟಿಕ್ಕುವವರುಂಟು. ಆದರೆ ರೂಬೇಯ ಕಲ್ಲುಹಾದಿಯಲ್ಲಿ ಮೂರು ವರ್ಷ ಸತತವಾಗಿ ಗೆದ್ದವನ ಕಾಲಿನ ಬಲವನ್ನು ಯಾರೂ ಸಂಶಯಿಸಿಲ್ಲ. ಅಲ್ಲಿ ತೆಳುಹವೆಯಿರಲಿಲ್ಲ, ತಟ್ಟೆಯ ಚಕ್ರವಿರಲಿಲ್ಲ. ಜೊತೆಗೆ ಓಡಿದವರೆಲ್ಲರಿಗೂ ಕಲ್ಲು, ಕೆಸರು, ಗಾಳಿ ಒಂದೇ ಆಗಿದ್ದುವು.

ನಿವೃತ್ತನಾದ ಮೊಸೆರ್ ತ್ರೆಂತೊ ನಗರದ ಮೇಲಣ ಗುಡ್ಡದಲ್ಲಿ, ಹಿರಿಯರಂತೆಯೇ, ದ್ರಾಕ್ಷಿಯ ತೋಟವನ್ನು ನಡೆಸುವುದಕ್ಕೆ ಹಿಂದಿರುಗಿದನು. ಅಲ್ಲಿ ತಯಾರಾಗುವ ನೊರೆಯ ದ್ರಾಕ್ಷಾರಸಕ್ಕೆ ಇಟ್ಟಿರುವ ಹೆಸರು '51,151'. ಒಕ್ಕೂಟವು ಎಷ್ಟು ಸಲ ಪಟ್ಟಿಗಳನ್ನು ತಿದ್ದಿದರೂ ಆ ಶೀಶೆಯ ಮೇಲಿನ ಚೀಟಿಯನ್ನು ತಿದ್ದುವ ಅಗತ್ಯ ಬಿದ್ದಿಲ್ಲ. ಅಂಕೆಯೇನೋ ಸತ್ಯವಾದದ್ದೇ. ಅದರ ಹಿಂದಿರುವ ಹವೆ, ಚಕ್ರ, ರಕ್ತಗಳ ಲೆಕ್ಕವನ್ನೂ ಅದರೊಡನೆ ನೆನಪಿಡುವುದು ಓದುವವರ ಹೊಣೆ.